ದೊಡ್ಡಪ್ಪನ ಟ್ರಂಕಿನಲ್ಲಿ 1971ರ ಕಾಗದಗಳು ಸಿಕ್ಕಿವೆ, ಏನು ಮಾಡೋಣ?

ಕಾಳಿ_ದಂಡೆ
ನಮಸ್ಕಾರ ಎಲ್ಲರಿಗೂ. ನಮ್ಮದು ಸದಾಶಿವಗಡದ ಹತ್ತಿರ ಹಳೇ ಹೆಂಚಿನ ಮನೆ. ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು ಅಂತ ಅಟ್ಟ ಖಾಲಿ ಮಾಡಿದೆವು. ದೊಡ್ಡಪ್ಪನ ಮಿಲಿಟರಿ ಟ್ರಂಕ್ ಸಿಕ್ಕಿತು. ಅವರು ಎಎಸ್‌ಸಿಯಲ್ಲಿ (ಸೈನ್ಯಕ್ಕೆ ಸಾಮಾನು ಸಾಗಿಸುವ ದಳ) ಲಾರಿ ಡ್ರೈವರ್ ಆಗಿದ್ದರು, ತೀರಿಕೊಂಡು ವರ್ಷಗಳಾದವು. ಟ್ರಂಕಿನಲ್ಲಿ ಒಂದು ಕಟ್ಟು ಕಾಗದ. ಹೆಚ್ಚಿನವು ಅವರು ಅಜ್ಜಿಗೆ ಬರೆದದ್ದು. ನೀಲಿ ಇನ್‌ಲ್ಯಾಂಡ್ ಇದೆ, ಸ್ಟ್ಯಾಂಪೇ ಇಲ್ಲದ ಹಸಿರು ಥರದ್ದು ಇದೆ, ಮನಿ ಆರ್ಡರ್ ಚೀಟಿಗಳಿವೆ. ಭಾಷೆ ಮರಾಠಿ, ಆಗ ಈ ಕಡೆ ಶಾಲೆಯಲ್ಲಿ ಕಲಿತದ್ದು ಅದೇ ಅಲ್ವಾ. ಅಪ್ಪ ಓದಿ ಹೇಳುತ್ತಿದ್ದಾರೆ.

ಯುದ್ಧದ ಬಗ್ಗೆ ಏನಾದರೂ ಇರುತ್ತದೆ ಅಂತ ನಾವೆಲ್ಲ ಸುತ್ತ ಕೂತೆವು. ಡಿಸೆಂಬರ್ 1971ರ ಕಾಗದದಲ್ಲಿ ಏನಿದೆ ಗೊತ್ತಾ? ‘ನಾನು ಕ್ಷೇಮ. ತೆಂಗಿನಕಾಯಿ ಕೀಳಿಸಿದಿರಾ? ಈ ಸಲ ವ್ಯಾಪಾರಿಗೆ ಎಣಿಸಿ ಕೊಡಿ, ಅಂದಾಜಿಗೆ ಕೊಡಬೇಡಿ. ತಮ್ಮ ಶಾಲೆ ತಪ್ಪಿಸಬಾರದು. ಅಪ್ಪನ ಕೆಮ್ಮು ಹೇಗಿದೆ.’ ಅಷ್ಟೇ! ಒಂದು ಗುಂಡಿನ ಸದ್ದೂ ಇಲ್ಲ.

ಈಗ ನನ್ನ ಪ್ರಶ್ನೆ. ಒಂದು, ಇವನ್ನು ಹಾಳಾಗದ ಹಾಗೆ ಇಡೋದು ಹೇಗೆ? ಎರಡು, ಮೊಹರಿನ ಮೇಲೆ ಎಫ್‌ಪಿಒ ಅಂತ ನಂಬರ್ ಇದೆ, ಅದರಿಂದ ಅವರು ಎಲ್ಲಿದ್ದರು ಅಂತ ತಿಳಿಯುತ್ತದಾ? ಮೂರನೆಯದು ಮನೆ ಜಗಳ. ನನ್ನ ಅಣ್ಣನಿಗೆ ಎಲ್ಲ ಫೇಸ್‌ಬುಕ್ಕಿಗೆ ಹಾಕುವ ಹುಮ್ಮಸ್ಸು. ದೊಡ್ಡಮ್ಮ ಇನ್ನೂ ಗಟ್ಟಿಯಾಗಿದ್ದಾರೆ, ಅವರು ‘ಒಲೆಗೆ ಹಾಕಿ’ ಅನ್ನುತ್ತಾರೆ.

ಕಾಗದದ_ಹುಳ
ಮೊದಲು ಇದು ಕೇಳಿ. ಲ್ಯಾಮಿನೇಶನ್ ಮಾಡಿಸಬೇಡಿ!! ಉಳಿದದ್ದು ರಾತ್ರಿ ಬರೆಯುತ್ತೇನೆ.

ಬೇಲೆಕೇರಿ_ಬಂಗುಡೆ
ದೊಡ್ಡಪ್ಪನೂ ವ್ಯಾಪಾರಿ ಕೈಯಲ್ಲಿ ಮೋಸ ಹೋದವರೇ ಅಂತಾಯ್ತು. ಈಗಲೂ ಎಣಿಸಿಯೇ ಕೊಡಬೇಕು ಮಾರಾಯ್ರೆ.

ನಿವೃತ್ತ_ಟಪಾಲು
ನಾನು ಅಂಚೆ ಇಲಾಖೆಯವನು, ಕೆಲವು ವರ್ಷ ಡೆಪ್ಯುಟೇಶನ್ ಮೇಲೆ ಸೈನ್ಯದ ಅಂಚೆಯಲ್ಲಿದ್ದೆ. ಎಫ್‌ಪಿಒ ಅಂದರೆ ಫೀಲ್ಡ್ ಪೋಸ್ಟ್ ಆಫೀಸ್. ಅದರ ನಂಬರಿಗೂ ಜಾಗಕ್ಕೂ ಸಂಬಂಧ ಕಾಣಬಾರದು, ಅದಕ್ಕೇ ನಂಬರ್ ಕೊಡೋದು. ಯೂನಿಟ್ ಹೋದ ಕಡೆ ಅಂಚೆ ಕಚೇರಿಯೂ ಹೋಗುತ್ತದೆ, ನಂಬರ್ ಅದೇ ಇರುತ್ತದೆ.

ಆದರೆ ನೀವು ಕಳಿಸುವವರ ವಿಳಾಸ ನೋಡಿ. 56 ಎಪಿಒ (ಆರ್ಮಿ ಪೋಸ್ಟ್ ಆಫೀಸ್) ಅಂತ ಇದ್ದರೆ ಪಶ್ಚಿಮ ಮತ್ತು ಉತ್ತರದ ಕಡೆ, ದಿಲ್ಲಿಯಿಂದ ವಿಂಗಡಣೆ. 99 ಎಪಿಒ ಅಂತ ಇದ್ದರೆ ಪೂರ್ವದ ಕಡೆ, ಕಲ್ಕತ್ತಾದಿಂದ. ಮನೆಯವರು ಹೆಸರು, ಸೇನಾ ನಂಬರ್, ಯೂನಿಟ್, ಕೊನೆಗೆ 56 ಅಥವಾ 99 ಎಪಿಒ ಬರೆದರೆ ಆಗ ಸಾಕಾಗುತ್ತಿತ್ತು. ಮಗ ಲಡಾಖಿನಲ್ಲಿದ್ದಾನೋ ರಾಜಸ್ಥಾನದಲ್ಲಿದ್ದಾನೋ ಅಂತ ತಾಯಿಗೂ ಗೊತ್ತಾಗುತ್ತಿರಲಿಲ್ಲ, ಕಾರವಾರದ ಪೋಸ್ಟ್ ಮಾಸ್ತರರಿಗೂ ಗೊತ್ತಾಗುತ್ತಿರಲಿಲ್ಲ. ಕಾಗದ ಮಾತ್ರ ಸರಿಯಾಗಿ ಬಂಕರಿಗೇ ಹೋಗುತ್ತಿತ್ತು. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಹಾಗಾಗಿ 900056 ಅಥವಾ 900099 ಅಂತ ಇದ್ದರೆ ಅದು ಯುದ್ಧ ಮುಗಿದ ಮೇಲಿನ ಕಾಗದ. ಆ ಹಸಿರು ಥರದ್ದು ಫೋರ್ಸಸ್ ಲೆಟರ್, ಸೈನಿಕರಿಗೆ ಪುಕ್ಕಟೆ. ಸ್ಟ್ಯಾಂಪ್ ಬೇಡ.

ಇನ್ನೊಂದು ಮಾತು. ಸೈನ್ಯದ ಅಂಚೆಗೆ ಸ್ವಂತ ಕೋರ್ (ದಳ) ಅಂತ ಆದದ್ದು 1972ರ ಮಾರ್ಚ್ 1ಕ್ಕೆ. ಅಂದರೆ 71ರ ಯುದ್ಧದ ಅಷ್ಟೂ ಟಪಾಲನ್ನು ಆ ಹೆಸರು ಬರುವ ಮೊದಲೇ ಹೊತ್ತದ್ದು. ಯಾರೂ ಇದನ್ನು ಹೇಳೋದಿಲ್ಲ, ಅದಕ್ಕೆ ನಾನೇ ಹೇಳಿದೆ.

ಕೂರ್ಮಗಡ
ಯುದ್ಧದ ವಿಷಯವೇ ಇಲ್ಲ ಅಂದರೆ ಯಾರಿಗೆ ಬೇಕು? ಮ್ಯೂಸಿಯಂನವರೂ ತೆಗೆದುಕೊಳ್ಳಲ್ಲ. ಬೇಜಾರು ಮಾಡ್ಕೋಬೇಡಿ, ಇದ್ದದ್ದು ಹೇಳಿದೆ.

ಹವಾಲ್ದಾರ್_ಹಳದೀಪುರ
@ಕೂರ್ಮಗಡ ನೀವು ಒಂದು ಕಾಗದ ಬರೆದು ನೋಡಿ ಹಾಗಾದರೆ. ಎಲ್ಲಿದ್ದೀನಿ ಅಂತ ಬರೆಯಬಾರದು. ಪಕ್ಕದಲ್ಲಿ ಯಾವ ಯೂನಿಟ್ ಇದೆ ಬರೆಯಬಾರದು. ಎಷ್ಟು ಗಾಡಿ, ಯಾವ ರಸ್ತೆ, ಯಾವ ನದಿ, ಏನೂ ಬರೆಯಬಾರದು. ಡ್ರೈವರ್ ಅಂದ ಮೇಲೆ ಅವನಿಗೆ ಗೊತ್ತಿದ್ದದ್ದೇ ಗಾಡಿ, ರಸ್ತೆ, ನದಿ! ಕಾಗದ ಯೂನಿಟ್‌ನಲ್ಲಿ ಯಾರಾದರೂ ಓದಬಹುದು ಅನ್ನೋದು ತಲೆಯಲ್ಲಿ ಇದ್ದೇ ಇರುತ್ತದೆ. ಇನ್ನು ಉಳಿದದ್ದು ತೆಂಗಿನಕಾಯಿಯೇ.

ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ತಾಯಿಗೆ ಓದಲು ಬರುವುದಿಲ್ಲ. ಕಾಗದ ಬಂದ ದಿನ ಪೋಸ್ಟಮನ್ ಜಗಲಿ ಮೇಲೆ ಕೂತು ದೊಡ್ಡದಾಗಿ ಓದುತ್ತಾನೆ. ಅರ್ಧ ಕೇರಿ ನಿಂತಿರುತ್ತದೆ. ಅಲ್ಲಿ ‘ನಿನ್ನೆ ನಮ್ಮ ಮುಂದಿನ ಲಾರಿ ಮೈನ್ ಮೇಲೆ ಹೋಯ್ತು’ ಅಂತ ಬರೆದರೆ ಏನಾಗುತ್ತದೆ? ನಾನು ಸರ್ವಿಸ್‌ನಲ್ಲಿ ಇದ್ದಷ್ಟು ಕಾಲ ಒಂದೇ ಒಂದು ನಿಜ ಬರೆದಿಲ್ಲ. ಚಳಿ ಇದೆ ಅಂತ ಬರೆದಿರಬಹುದು.

ಅಬ್ಬಲಿಗೆ
ಹವಾಲ್ದಾರರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಅಂಕೋಲಾದ ಮನೆಯ ಕಥೆ ಕೇಳಿ. ನನ್ನ ಅಜ್ಜನೂ ಮಿಲಿಟರಿಯಲ್ಲಿದ್ದವರು, 1965ರಲ್ಲಿ ಹೊಸದಾಗಿ ಮದುವೆಯಾಗಿತ್ತು. ಕಾಗದ ಬರುವುದು ಮುತ್ತಜ್ಜನ ಹೆಸರಿಗೆ. ಹೆಂಡತಿ ಹೆಸರಿಗೆ ಬೇರೆ ಕಾಗದ ಬರೆದರೆ ಮನೆಯಲ್ಲಿ ಮರ್ಯಾದೆ ಪ್ರಶ್ನೆ! ಹೆಂಡತಿ ಹೇಗಿದ್ದಾಳೆ ಅಂತ ಕೇಳುವ ಹಾಗೂ ಇಲ್ಲ. ಅದಕ್ಕೆ ಅವರು ಪ್ರತಿ ಕಾಗದದ ಕೊನೆಗೆ ‘ಎಮ್ಮೆ ಹೇಗಿದೆ, ಹುಲ್ಲು ತಿನ್ನುತ್ತಾ, ಜ್ವರ ಬಂದಿತ್ತು ಅಂದಿದ್ರಲ್ಲ ಕಡಿಮೆ ಆಯ್ತಾ’ ಅಂತ ಕೇಳುತ್ತಿದ್ದರು. ಎಮ್ಮೆ ಮಾರಿ ಎಷ್ಟೋ ಕಾಲ ಆಗಿತ್ತು. ಓದುತ್ತಿದ್ದ ಮುತ್ತಜ್ಜ ‘ಈ ಮಾಣಿಗೆ ಎಷ್ಟು ಸಲ ಬರೆಯೋದು ಎಮ್ಮೆ ಇಲ್ಲ ಅಂತ, ಗುಂಡಿನ ಸದ್ದಿಗೆ ತಲೆ ಕೆಟ್ಟಿದೆ’ ಅಂತ ಬೈಯುತ್ತಿದ್ದರಂತೆ. ಅಡುಗೆ ಮನೆ ಬಾಗಿಲ ಹಿಂದೆ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದರಂತೆ. ತನ್ನನ್ನು ಎಮ್ಮೆ ಅಂದದ್ದಕ್ಕೆ ಅವರು ಕೊನೆವರೆಗೂ ಜಗಳ ಆಡಿದರು ಅನ್ನೋದು ಬೇರೆ ಮಾತು.

ಬೇಲೆಕೇರಿ_ಬಂಗುಡೆ
😂😂 ನಾನು ನನ್ನ ಹೆಂಡತಿಗೆ ಇದನ್ನು ಓದಿ ಹೇಳಿದೆ. ಈಗ ಊಟ ಹೊರಗೆ.

ಮೆಣಸಿನಬಳ್ಳಿ
ಎಮ್ಮೆ ವಿಷಯ ಬಂತು ಅಂತ ಹೇಳುತ್ತಿದ್ದೇನೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ನಮ್ಮ ದೇಶದ ಸೈನಿಕರ ಕಾಗದಗಳನ್ನೆಲ್ಲ ಬ್ರಿಟಿಷರು ಸೆನ್ಸಾರ್ ಮಾಡುತ್ತಿದ್ದರು. ಅದಕ್ಕೆ ಸೈನಿಕರು ಗುಟ್ಟಿನ ಭಾಷೆ ಮಾಡಿಕೊಂಡಿದ್ದರು. ಅದು ನಮ್ಮ ಶಿರಸಿ ಕಡೆಯವರಿಗೆ ಖುಷಿಯಾಗುವಂಥದ್ದು. ಕರಿಮೆಣಸು! ಕರಿಮೆಣಸು ಅಂದರೆ ಭಾರತೀಯ ಸೈನಿಕರು, ಕೆಂಪು ಮೆಣಸು ಅಂದರೆ ಬಿಳಿಯರು. ‘ಇಲ್ಲಿ ಕರಿಮೆಣಸು ಖರ್ಚಾಗುತ್ತಿದೆ, ಕೆಂಪು ಮೆಣಸನ್ನು ಕಡಿಮೆ ಬಳಸುತ್ತಾರೆ’ ಅನ್ನುವ ಅರ್ಥದಲ್ಲಿ ಬರೆಯುತ್ತಿದ್ದರು. ಮುಂದೆ ತಳ್ಳೋದು ನಮ್ಮವರನ್ನೇ ಅಂತ ಊರಿಗೆ ತಿಳಿಸುವ ದಾರಿ. ಸೆನ್ಸಾರ್‌ನವರಿಗೆ ಇದು ಗೊತ್ತಾಯಿತು, ಅವರೇ ವರದಿಯಲ್ಲಿ ನಕಲು ಮಾಡಿ ಇಟ್ಟುಕೊಂಡರು. ಸೆನ್ಸಾರ್ ಮಾಡಿದ್ದರಿಂದಲೇ ಆ ಕಾಗದಗಳು ಇವತ್ತು ಲಂಡನ್ನಿನಲ್ಲಿ ಉಳಿದಿವೆ ಅನ್ನೋದು ತಮಾಷೆ. ಮನೆಗೆ ಬಂದವೆಲ್ಲ ಗೆದ್ದಲಿಗೆ ಹೋದವು.

ನಿವೃತ್ತ_ಟಪಾಲು
ಸರಿ, ಆದರೆ ಅವರು ಹೆಚ್ಚಾಗಿ ಪಂಜಾಬ್, ಗಢವಾಲ್ ಕಡೆಯವರು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಮರಾಠಾ ಪಲ್ಟನ್‌ಗಳು ಜಾಸ್ತಿ ಹೋದದ್ದು ಈಗಿನ ಇರಾಕಿನ ಕಡೆ. 1916ರ ಏಪ್ರಿಲ್ 29ಕ್ಕೆ ಕೂತ್ ಎಂಬಲ್ಲಿ ಇಡೀ ಸೈನ್ಯ ತುರ್ಕರಿಗೆ ಶರಣಾಯಿತಲ್ಲ, ಅದರಲ್ಲಿ 110ನೇ ಮರಾಠಾ ಪಲ್ಟನ್ ಇತ್ತು. ಅಲ್ಲಿಂದ ಎಂಥ ಕಾಗದ ಬರುತ್ತದೆ? ಮುತ್ತಿಗೆ ಬಿದ್ದ ಊರಿಗೆ ಟಪಾಲು ಎಲ್ಲಿ? ಕರಿಮೆಣಸು ಅಂತಲೂ ಬರೆಯುವ ಹಾಗಿರಲಿಲ್ಲ.

ಮೆಣಸಿನಬಳ್ಳಿ
ನಾನು ಶಿರಸಿಯವರು ಬರೆದರು ಅಂತ ಹೇಳಲೇ ಇಲ್ಲ ಸರ್. ಮೆಣಸು ನಮ್ಮದು ಅಂದೆ.

ಕೂರ್ಮಗಡ
ಮಿಲಿಟರಿ ಅಂದ ಮೇಲೆ ನಮ್ಮ ಕಾರವಾರವನ್ನೂ ನೆನೆಯಿರಪ್ಪ. ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಚಪಲ್ ಹಡಗು ಇದೆಯಲ್ಲ, 1971ರಲ್ಲಿ ಕರಾಚಿ ಸುಟ್ಟ ಹಡಗು ಅದೇ. ಆ ನಾವಿಕರ ಕಾಗದ ಇದ್ದರೆ ಅದು ಮ್ಯೂಸಿಯಂಗೆ ಯೋಗ್ಯ.

ಚೀಟಿ_ಸಂಗ್ರಹ
ಅಲ್ಲ. ಚಪಲ್ ಸೇವೆಗೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಚಪಲ್ ಅದೇ ಜಾತಿಯ ರಷ್ಯನ್ ದೋಣಿ, ಆದರೆ ಆಮೇಲಿನ ತಂಡದ್ದು.

ಕೂರ್ಮಗಡ
ಅಲ್ಲಿನ ಗೈಡ್ ಹೇಳಿದ್ದು ಹಾಗೆ.

ಚೀಟಿ_ಸಂಗ್ರಹ
ಗೈಡ್ ಏನು ಬೇಕಾದರೂ ಹೇಳುತ್ತಾನೆ. ಟಿಕೆಟ್ ತೆಗೆದುಕೊಂಡವರಿಗೆ ಯುದ್ಧ ಬೇಕಲ್ಲ.

ಆರ್ಗಾದವಳು
ಕಾರವಾರದ ಹೆಸರು ಬಂದ ಮೇಲೆ ಚೆಂಡಿಯಾದ ರಾಮ ರಾಘೋಬಾ ರಾಣೆ ಅವರನ್ನು ಯಾಕೆ ಬಿಟ್ಟಿರಿ? ಚಪಲ್ ಪಕ್ಕದಲ್ಲೇ ಅವರ ಪ್ರತಿಮೆ ಇದೆ. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಮೈನ್ ತೆಗೆದು, ಮರ ಕಡಿದು ಹಾಕಿದ್ದ ಅಡ್ಡಗಳನ್ನು ಸರಿಸಿ, ಟ್ಯಾಂಕಿಗೆ ದಾರಿ ಮಾಡಿಕೊಟ್ಟವರು. ತೊಡೆಗೆ ಗಾಯವಾಗಿದ್ದರೂ ಟ್ಯಾಂಕಿನ ಹೊಟ್ಟೆ ಕೆಳಗೆ ತೆವಳುತ್ತಾ, ಹಗ್ಗ ಎಳೆದು ಡ್ರೈವರಿಗೆ ಸನ್ನೆ ಕೊಡುತ್ತಾ ಮುಂದೆ ಹೋದರು. ಬದುಕಿರುವಾಗಲೇ ಪರಮ ವೀರ ಚಕ್ರ ಪಡೆದ ಮೊದಲಿಗರು. ಅವರ ಮನೆಗೆ ಆ ವಾರ ಏನು ಕಾಗದ ಬಂದಿರಬಹುದು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ‘ನಾನು ಕ್ಷೇಮ’ ಅಂತಲೇ ಇರಬೇಕು ಬಿಡಿ.

ನಮ್ಮ ಮನೆಯಲ್ಲೂ ಚಿಕ್ಕಪ್ಪನ ಕಾಗದಗಳಿದ್ದವು. ಆರ್ಗಾ ಬಿಟ್ಟು ತೋಡೂರಿಗೆ ಬರುವಾಗ ಪಾತ್ರೆ, ಮಂಚ, ಒನಕೆ ಕೂಡ ಬಂತು. ಕಾಗದದ ಡಬ್ಬ ಯಾರೂ ನೆನಪು ಮಾಡಲಿಲ್ಲ. ಅದಕ್ಕೆ ಹೇಳುತ್ತಿದ್ದೇನೆ, ಒಲೆಗೆ ಹಾಕಬೇಡಿ.

ಕಾಗದದ_ಹುಳ
ರಾತ್ರಿ ಬರೆಯುತ್ತೇನೆ ಅಂದಿದ್ದೆ. ನಾನು ಸಿದ್ದಾಪುರದವನು, ಹಳೇ ಕಾಗದಪತ್ರಗಳ ಕೆಲಸ ಮಾಡುತ್ತೇನೆ.

ಕರಾವಳಿಯಲ್ಲಿ ಶತ್ರು ನಂಬರ್ ಒನ್ ತೇವ. ಉಪ್ಪುಗಾಳಿ, ಮಳೆಗಾಲದ ಥಂಡಿ, ಅದರ ಜೊತೆ ಬೆಳ್ಳಿಮೀನು ಹುಳ ಮತ್ತು ಗೆದ್ದಲು. ಈಗ ಬಿಸಿಲಿದೆ, ಮಳೆ ಬರುವ ಮೊದಲು ಕೆಲಸ ಮುಗಿಸಿ. ಕಾಗದವನ್ನು ಮಾತ್ರ ಬಿಸಿಲಿಗೆ ಹಾಕಬೇಡಿ, ಹಪ್ಪಳ ಅಲ್ಲ ಅದು. ನೆರಳಲ್ಲಿ, ಫ್ಯಾನ್ ಇಲ್ಲದ ಕೋಣೆಯಲ್ಲಿ ಎರಡು ದಿನ ಗಾಳಿಗೆ ಬಿಡಿ. ತುಕ್ಕು ಹಿಡಿದ ಗುಂಡುಸೂಜಿ ಇದ್ದರೆ ಮೆಲ್ಲಗೆ ತೆಗೆಯಿರಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಸ್ವಲ್ಪ ವರ್ಷದಲ್ಲಿ ಹಳದಿಯಾಗಿ ಅಕ್ಷರವನ್ನೂ ತಿನ್ನುತ್ತದೆ. ಇನ್‌ಲ್ಯಾಂಡ್ ಮಡಿಕೆಯಲ್ಲೇ ಹರಿಯೋದು, ಅದನ್ನು ಪದೇ ಪದೇ ಬಿಚ್ಚಿ ಮಡಚಬೇಡಿ. ಒಮ್ಮೆ ಬಿಚ್ಚಿದರೆ ಚಪ್ಪಟೆಯಾಗಿಯೇ ಇಡಿ. ಮಧ್ಯೆ ಆಮ್ಲ ಇಲ್ಲದ ಬಿಳಿ ಕಾಗದ ಇಟ್ಟು, ರಟ್ಟಿನ ಪೆಟ್ಟಿಗೆಯಲ್ಲಿ, ನೆಲಕ್ಕೆ ತಾಗದ ಹಾಗೆ, ಹೊರಗೋಡೆಗೆ ತಾಗದ ಹಾಗೆ ಇಡಬೇಕು. ಪ್ಲಾಸ್ಟಿಕ್ ಚೀಲ ಬೇಡ, ಒಳಗೇ ಬೆವರುತ್ತದೆ. ನುಸಿಗುಳಿಗೆ ನೇರವಾಗಿ ಕಾಗದದ ಮೇಲೆ ಬೇಡ.

ಶಿರಸಿ ಸಿದ್ದಾಪುರದ ಕಡೆ ಅಡುಗೆಮನೆ ಮೇಲಿನ ಅಟ್ಟದಲ್ಲಿ ಇಟ್ಟ ಕಾಗದ ಚೆನ್ನಾಗಿ ಉಳಿದದ್ದು ನೋಡಿದ್ದೇನೆ. ಹೊಗೆಗೆ ಹುಳ ಬರುತ್ತಿರಲಿಲ್ಲ, ಒಲೆಯ ಬಿಸಿಗೆ ತೇವವೂ ನಿಲ್ಲುತ್ತಿರಲಿಲ್ಲ. ಬಣ್ಣ ಮಾತ್ರ ಕಾಫಿ. ಈಗ ಗ್ಯಾಸ್ ಬಂದ ಮೇಲೆ ಅದೇ ಅಟ್ಟದಲ್ಲಿ ಗೆದ್ದಲು.

ಫೋಟೋ ತೆಗೆಯೋದಾದರೆ ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ. ವಿಳಾಸದ ಬದಿ, ಮೊಹರು, ಮಡಿಕೆಯ ಒಳಗಿನ ಚಿಕ್ಕ ಜಾಗ, ಎಲ್ಲ ತೆಗೆಯಿರಿ. ಜಾಗ ಸಾಲದೆ ಅಂಚಿನಲ್ಲಿ ಉದ್ದಕ್ಕೆ ಬರೆದಿರುತ್ತಾರಲ್ಲ, ಎಷ್ಟೋ ಸಲ ಮುಖ್ಯವಾದ್ದು ಅಲ್ಲೇ ಇರುತ್ತದೆ.

ಹವಾಲ್ದಾರ್_ಹಳದೀಪುರ
ಮನಿ ಆರ್ಡರ್ ಚೀಟಿಗಳನ್ನೂ ಎಸೆಯಬೇಡಿ. ಕೆಳಗೆ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತು. ಕಾಗದದಲ್ಲಿ ಬರೆಯಲಾಗದ್ದು ಅಲ್ಲಿ ತಿಳಿಯುತ್ತದೆ. ಒಂದು ತಿಂಗಳು ಹಣ ಜಾಸ್ತಿ ಬಂದರೆ ಫೀಲ್ಡ್ ಏರಿಯಾಗೆ ಹೋದ ಅಂತ ಅರ್ಥ, ಅಲ್ಲಿ ಖರ್ಚು ಮಾಡಲು ಅಂಗಡಿಯೇ ಇರುವುದಿಲ್ಲ.

ಅಬ್ಬಲಿಗೆ
ಅಯ್ಯೋ ಇದು ಹೊಳೆದೇ ಇರಲಿಲ್ಲ!

ಗಂಗಾವಳಿ
ಕಾಗದ ಲೇಟಾಗುವ ಕಥೆ ಒಂದು ಹೇಳಲಾ? 1999ರ ಕಾರ್ಗಿಲ್ ಸಮಯ. ಅಣ್ಣ ಅಲ್ಲಿದ್ದ. ಎಸ್‌ಟಿಡಿ ಬೂತ್ ಊರಲ್ಲಿತ್ತು, ಆದರೆ ಅವನ ಕಡೆಯಿಂದ ಫೋನ್ ಬರಬೇಕಲ್ಲ. ಟಿವಿ ನೋಡಿ ನೋಡಿ ಅಮ್ಮ ಊಟ ಬಿಟ್ಟರು. ಜುಲೈ 26 ಆಯಿತು, ಗೆದ್ದೆವು ಅಂದರು, ಆಮೇಲೆ ಅಣ್ಣ ರಜೆಗೆ ಬಂದೇ ಬಿಟ್ಟ. ಬಂದು ಮೂರು ದಿನಕ್ಕೆ ಪೋಸ್ಟಮನ್ ಅವನದೇ ಕಾಗದ ತಂದ! ಅಮ್ಮ ಎಲ್ಲರ ಮುಂದೆ ಅದನ್ನು ಓದಿಸಿದರು. ‘ಸಿಗರೇಟ್ ಪೂರ್ತಿ ಬಿಟ್ಟಿದ್ದೇನೆ, ದೇವರಾಣೆ’ ಅಂತ ಇತ್ತು. ಅವನು ಆಗಷ್ಟೇ ಹಿತ್ತಲಿಂದ ಸೇದಿ ಬಂದಿದ್ದ.

ಬೇಲೆಕೇರಿ_ಬಂಗುಡೆ
ಸತ್ಯ ಹೇಳಿದರೂ ಕಷ್ಟ ಸುಳ್ಳು ಹೇಳಿದರೂ ಕಷ್ಟ.

ಕಾಳಿ_ದಂಡೆ
ಎಲ್ಲರಿಗೂ ಥ್ಯಾಂಕ್ಸ್. ವಿಳಾಸದಲ್ಲಿ 99 ಎಪಿಒ ಇದೆ. ಅಂದರೆ ಪೂರ್ವದ ಕಡೆ, ಬಾಂಗ್ಲಾ. ಅಪ್ಪನಿಗೂ ಇದು ಇವತ್ತು ಗೊತ್ತಾದದ್ದು! ಅವರು ಇಷ್ಟು ವರ್ಷ ಅಣ್ಣ ಕಾಶ್ಮೀರದಲ್ಲಿದ್ದ ಅಂತ ತಿಳಿದಿದ್ದರು.

ಇನ್ನೊಂದು ಸಿಕ್ಕಿದೆ. ಕಟ್ಟಿನ ತಳದಲ್ಲಿ ಅಜ್ಜಿ ಕಡೆಯಿಂದ ದೊಡ್ಡಪ್ಪನಿಗೆ ಹೋದ ಒಂದು ಲಕೋಟೆ. ಮನೆಯಿಂದ ಹೋದದ್ದರಲ್ಲಿ ಇದೊಂದೇ ಉಳಿದಿದೆ, ಅವರು ವಾಪಸ್ ತಂದಿದ್ದಾರೆ. ಅಕ್ಷರ ಅಜ್ಜಿಯದಲ್ಲ, ಊರಿನ ಶಾಲೆ ಮಾಸ್ತರರು ಬರೆದುಕೊಟ್ಟದ್ದು. ತಾರೀಕು ಇಲ್ಲ, ಮೊಹರು ಮಸಿ ಹರಡಿ ಓದಲು ಬರುವುದಿಲ್ಲ. ‘ಇಲ್ಲಿ ಎಲ್ಲ ಕ್ಷೇಮ, ಅಪ್ಪನ ಕೆಮ್ಮು ಕಡಿಮೆ, ಗಂಜಿ ಕುಡಿಯುತ್ತಾರೆ’ ಅಂತ ಇದೆ. ಯಾವಾಗಿನದು ಅಂತ ಹೇಳಬಹುದಾ? ಮಾಮೂಲಿ ಸ್ಟ್ಯಾಂಪಿನ ಪಕ್ಕ ಐದು ಪೈಸೆಯದು ಒಂದು ಇದೆ, ಗಂಡ ಹೆಂಡತಿ ಮಕ್ಕಳ ಚಿತ್ರ, ಅದರ ಮೇಲೆ ಇಂಗ್ಲಿಷಿನಲ್ಲಿ ರೆಫ್ಯೂಜಿ ರಿಲೀಫ್ ಅಂತ ಅಚ್ಚು ಹಾಕಿದ್ದಾರೆ.

ಚೀಟಿ_ಸಂಗ್ರಹ
ಒಳ್ಳೇ ಸುಳಿವು! ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬಂದರಲ್ಲ, ಅವರ ಖರ್ಚಿಗೆ ಸರಕಾರ ಟಪಾಲಿನ ಮೇಲೆ ಐದು ಪೈಸೆ ತೆರಿಗೆ ಹಾಕಿತ್ತು. ಮೊದಲು ಕುಟುಂಬ ಯೋಜನೆಯ ಐದು ಪೈಸೆ ಸ್ಟ್ಯಾಂಪಿಗೇ ಅಚ್ಚು ಹೊಡೆದು ಕೊಟ್ಟರು, ನಿಮ್ಮದು ಅದು. ಆಮೇಲೆ ನಿರಾಶ್ರಿತರ ಚಿತ್ರದ್ದೇ ಬೇರೆ ಬಂತು. ಈ ತೆರಿಗೆ ಶುರುವಾದದ್ದು 1971ರ ನವೆಂಬರ್ 15ಕ್ಕೆ, ಮುಗಿದದ್ದು 1973ರ ಮಾರ್ಚ್ 31ಕ್ಕೆ. ಹಾಗಾಗಿ ನಿಮ್ಮ ಲಕೋಟೆ ನವೆಂಬರ್ 15ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಸ್ಟ್ಯಾಂಪ್ ಕೀಳಬೇಡಿ ದಯವಿಟ್ಟು.

ಕಾಳಿ_ದಂಡೆ
ಖಚಿತನಾ ಸರ್? ಯಾಕೆಂದರೆ ಅಪ್ಪ ಈಗ ಸುಮ್ಮನೆ ಕೂತಿದ್ದಾರೆ. ಅಜ್ಜ ತೀರಿಕೊಂಡದ್ದು ಆ ವರ್ಷ ದೀಪಾವಳಿಗೆ ಮೊದಲು. ನಮ್ಮ ಮನೆಯಲ್ಲಿ ಆ ಸಲ ದೀಪಾವಳಿಯೇ ಇರಲಿಲ್ಲ.

ಚೀಟಿ_ಸಂಗ್ರಹ
ಖಚಿತ.

ಅಬ್ಬಲಿಗೆ
ದೇವರೇ.

ಹವಾಲ್ದಾರ್_ಹಳದೀಪುರ
ಇದು ಹೊಸತಲ್ಲ. ಎಷ್ಟೋ ಮನೆಗಳಲ್ಲಿ ಹೀಗೆ ಮಾಡಿದ್ದಾರೆ. ಶಾಂತಿ ಕಾಲವಾಗಿದ್ದರೆ ಯೂನಿಟ್‌ಗೆ ತಂತಿ ಹೊಡೆದರೆ ಸಾಹೇಬರು ರಜೆ ಕೊಟ್ಟು ಕಳಿಸುತ್ತಾರೆ. ಯುದ್ಧ ಬಾಗಿಲಿಗೆ ಬಂದಾಗ ರಜೆ ಎಲ್ಲಿ? ಸುದ್ದಿ ತಿಳಿದು ಅವನು ಮಾಡುವುದೇನು? ರಾತ್ರಿ ದೀಪ ಹಚ್ಚದೆ ಲಾರಿ ಓಡಿಸಬೇಕು, ಹಿಂದೆ ಮದ್ದುಗುಂಡು ತುಂಬಿರುತ್ತದೆ. ತಲೆಯಲ್ಲಿ ಅಪ್ಪನ ಹೆಣ ಇಟ್ಟುಕೊಂಡು ಓಡಿಸಬೇಕಾ? ಅಜ್ಜಿ ಸರಿಯಾಗಿಯೇ ಮಾಡಿದರು.

ಗಂಗಾವಳಿ
ಒಪ್ಪಲ್ಲ. ಹಿರೇ ಮಗ ಅವನು. ಅಪ್ಪ ಸತ್ತದ್ದು ತಿಳಿದುಕೊಳ್ಳುವ ಹಕ್ಕೂ ಇಲ್ವಾ? ಎಲ್ಲೇ ಇರಲಿ, ಒಂದು ಹೊಳೆಯಲ್ಲಿ ಮುಳುಗು ಹಾಕಿ ಎರಡು ಹನಿ ನೀರು ಬಿಡುತ್ತಿದ್ದ. ಅದನ್ನೂ ಕಿತ್ತುಕೊಂಡರು.

ಹವಾಲ್ದಾರ್_ಹಳದೀಪುರ
ಹೊಳೆ ಇತ್ತು ಅಲ್ಲಿ ಬೇಕಾದಷ್ಟು. ದಂಡೆಯಲ್ಲಿ ಯಾರಿದ್ದರು ಅನ್ನೋದು ಪ್ರಶ್ನೆ. ಮನೆಯಲ್ಲಿ ಕೂತು ಹಕ್ಕಿನ ಮಾತು ಸುಲಭ.

ಗಂಗಾವಳಿ
ನನ್ನ ಅಣ್ಣ ಕಾರ್ಗಿಲ್‌ನಲ್ಲಿದ್ದ ಅಂತ ಮೇಲೆ ಬರೆದಿದ್ದೇನೆ. ನಾನು ಮನೆಯಲ್ಲಿ ಕೂತವನೇ, ಕೂತು ಕಾದವನು. ಅದರ ಕಷ್ಟ ಬಂಕರಿನಲ್ಲಿದ್ದವರಿಗೆ ಗೊತ್ತಿಲ್ಲ.

ಆರ್ಗಾದವಳು
ಇಬ್ಬರೂ ಅಜ್ಜಿಯನ್ನು ಮರೆತಿರಿ. ಗಂಡ ಹೋಗಿ ಹೆಚ್ಚು ಕಾಲ ಕಳೆದಿರಲಿಕ್ಕಿಲ್ಲ. ಮಾಸ್ತರರ ಮುಂದೆ ಕೂತು ‘ಗಂಜಿ ಕುಡಿಯುತ್ತಾರೆ ಅಂತ ಬರೆಯಿರಿ’ ಅಂತ ಬಾಯಿಬಿಟ್ಟು ಹೇಳಬೇಕಲ್ಲ. ಮಾಸ್ತರರೂ ಬರೆದರಲ್ಲ!

ಮೆಣಸಿನಬಳ್ಳಿ
ಮಗ ಅಲ್ಲಿಂದ ಕ್ಷೇಮ ಅಂತ ಬರೆಯುತ್ತಾನೆ, ತಾಯಿ ಇಲ್ಲಿಂದ ಕ್ಷೇಮ ಅಂತ ಬರೆಸುತ್ತಾಳೆ. ಸೆನ್ಸಾರ್‌ನವನಿಗೆ ಕೆಲಸವೇ ಇಲ್ಲ.

ಕೂರ್ಮಗಡ
ಆಮೇಲೆ ದೊಡ್ಡಪ್ಪನಿಗೆ ಯಾವಾಗ ಗೊತ್ತಾಯಿತು?

ಕಾಳಿ_ದಂಡೆ
ಅದನ್ನು ಕೇಳಲೆಂದೇ ನಿನ್ನೆ ದೊಡ್ಡಮ್ಮನ ಹತ್ತಿರ ಕೂತೆ. ಮೊದಲು ಬೈದರು, ಆಮೇಲೆ ಹೇಳಿದರು.

ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದವರು ಶರಣಾದರು. ಆದರೆ ಲಾರಿಯವರಿಗೆ ಬಿಡುವು ಸಿಗಲಿಲ್ಲ, ಕೈದಿಗಳನ್ನು ಸಾಗಿಸುವ ಕೆಲಸ ಬಂತು. 93 ಸಾವಿರ ಕೈದಿಗಳಂತೆ. ಜನವರಿಯ ಕಾಗದದಲ್ಲೂ ‘ಅಪ್ಪನಿಗೆ ಉಣ್ಣೆ ಶಾಲು ತೆಗೆದಿಟ್ಟಿದ್ದೇನೆ’ ಅಂತ ಇದೆ. ಮಾರ್ಚ್‌ನಲ್ಲಿ ನಮ್ಮ ಸೈನ್ಯ ಅಲ್ಲಿಂದ ವಾಪಸಾಯಿತಲ್ಲ, ಆಮೇಲೆ ರಜೆ ಸಿಕ್ಕಿತು. ರೈಲಿನಲ್ಲಿ ಹುಬ್ಬಳ್ಳಿವರೆಗೆ ಬಂದು, ಬಸ್ಸಿನಲ್ಲಿ ಆರಬೈಲು ಘಾಟ್ ಇಳಿದು ಕಾರವಾರಕ್ಕೆ ಬಂದರು. ಆಗ ಕಾಳಿಗೆ ಸೇತುವೆ ಇರಲಿಲ್ಲ, ಕೋಡಿಬಾಗದಿಂದ ಹೊಳೆ ದಾಟಬೇಕು. ಅಲ್ಲಿ ದೋಣಿಯವನು ಗುರುತು ಹಿಡಿದು ಮಾತಾಡಿಸಿದ. ‘ಬಂದೆಯಾ, ವರ್ಷಾಂತಿಕ ಇಲ್ಲೇ ಮಾಡ್ತೀಯಾ, ಗೋಕರ್ಣದಲ್ಲಾ?’ ಅಂತ ಕೇಳಿದನಂತೆ. ಹಾಗೆ ಗೊತ್ತಾದದ್ದು. ಅವನದು ತಪ್ಪಲ್ಲ, ಇಡೀ ಊರಿಗೆ ತಿಳಿದ ವಿಷಯ.

ಮನೆಗೆ ಬಂದು ಅಜ್ಜಿಗೆ ಒಂದು ಮಾತೂ ಅನ್ನಲಿಲ್ಲವಂತೆ. ಸಿಟ್ಟೆಲ್ಲ ಮಾಸ್ತರರ ಮೇಲೆ! ರಸ್ತೆಯಲ್ಲಿ ಎದುರಾದರೆ ಬೇರೆ ದಾರಿ ಹಿಡಿಯುತ್ತಿದ್ದರು. ಅಪ್ಪ ಅದೇ ಮಾಸ್ತರರ ಶಾಲೆಯಲ್ಲಿ ಓದುತ್ತಿದ್ದರಿಂದ ಮಧ್ಯದಲ್ಲಿ ಸಿಕ್ಕಿಬಿದ್ದಿದ್ದರು. ಎಷ್ಟೋ ವರ್ಷದ ಮೇಲೆ ಮಾಸ್ತರರ ಮಗಳ ಮದುವೆಗೆ ದೊಡ್ಡಪ್ಪನೇ ಲಾರಿ ಬಾಡಿಗೆ ಹಿಡಿದು ದಿಬ್ಬಣ ಕರೆದುಕೊಂಡು ಹೋದರು, ಆದರೂ ಮಾಸ್ತರರ ಜೊತೆ ನೆಟ್ಟಗೆ ಮಾತಾಡಲಿಲ್ಲ.

ದೊಡ್ಡಮ್ಮ ಒಲೆಗೆ ಹಾಕಿ ಅನ್ನೋದು ಈ ಒಂದು ಲಕೋಟೆಯ ಸಲುವಾಗಿ. ಮಾಸ್ತರರ ಮನೆಯವರು ಇಲ್ಲೇ ಇದ್ದಾರೆ. ಅವರ ಮೊಮ್ಮಕ್ಕಳು ಫೇಸ್‌ಬುಕ್‌ನಲ್ಲಿ ನೋಡಬಾರದು ಅಂತ.

ಹವಾಲ್ದಾರ್_ಹಳದೀಪುರ
ದೊಡ್ಡಪ್ಪನ ಸಿಟ್ಟು ನ್ಯಾಯವೇ. ನಾನು ಅಜ್ಜಿ ಮಾಡಿದ್ದು ಸರಿ ಅಂದದ್ದನ್ನು ವಾಪಸ್ ತೆಗೆದುಕೊಳ್ಳಲ್ಲ. ಎರಡೂ ಇರಬಹುದು.

ಗಂಗಾವಳಿ
ತಾಯಿಗೆ ಅನ್ನಲಾಗದ್ದನ್ನು ಬರೆದವನ ತಲೆಗೆ ಕಟ್ಟಿದರು. ಪಾಪ ಮಾಸ್ತರರು, ಹೇಳಿದ್ದು ಬರೆದರು ಅಷ್ಟೇ.

ಕಾಗದದ_ಹುಳ
ಫೇಸ್‌ಬುಕ್ ಅಣ್ಣನಿಗೆ ಒಂದು ಕಾನೂನು ಮಾತು. ಕಾಗದ ಯಾರ ಕೈಯಲ್ಲಿದೆಯೋ ಅವರದು, ಆದರೆ ಅದರಲ್ಲಿನ ಬರಹದ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಾಗದಪತ್ರಕ್ಕೂ ಇದೇ ಲೆಕ್ಕ. ಹಾಗಾಗಿ ದೊಡ್ಡಪ್ಪನ ಕಾಗದಗಳ ವಿಷಯದಲ್ಲಿ ದೊಡ್ಡಮ್ಮ ಬೇಡ ಅಂದರೆ ಬೇಡ. ಕಾನೂನು ಇಲ್ಲದಿದ್ದರೂ ಬೇಡವೇ ಬಿಡಿ. ಸ್ಕ್ಯಾನ್ ಮಾಡಿ ಮನೆಯೊಳಗೆ ಇಟ್ಟುಕೊಳ್ಳಿ. ಮುಂದೆ ಮನಸ್ಸು ಬದಲಾದರೆ ರಾಜ್ಯ ಪತ್ರಾಗಾರದವರ ಹತ್ತಿರ ಮಾತಾಡಬಹುದು. ಇಷ್ಟು ವರ್ಷ ಯಾರಿಗೂ ತೋರಿಸಬಾರದು ಅಂತ ಷರತ್ತು ಹಾಕಿ ಕೊಡುವವರೂ ಇದ್ದಾರೆ.

@ಕೂರ್ಮಗಡ ಮ್ಯೂಸಿಯಂಗೆ ಬೇಡ ಅಂದಿರಲ್ಲ, ಈಗೇನು ಹೇಳುತ್ತೀರಿ?

ಕೂರ್ಮಗಡ
ಯುದ್ಧ ಇಲ್ಲ ಅಂದೆ. ಈಗಲೂ ಯುದ್ಧ ಇಲ್ಲ. ಮನೆ ಇದೆ. ಓದಬೇಕು ಅನ್ನಿಸುತ್ತಿದೆ, ಅದು ಬೇರೆ.

ಕಾಳಿ_ದಂಡೆ
ಸದ್ಯಕ್ಕೆ ತೀರ್ಮಾನ ಹೀಗಿದೆ. ಲಕೋಟೆ ದೊಡ್ಡಮ್ಮನ ಕೈಗೆ, ಅವರು ಏನಾದರೂ ಮಾಡಲಿ. ಅಣ್ಣ ಮುಖ ಊದಿಸಿಕೊಂಡಿದ್ದಾನೆ. ಉಳಿದದ್ದನ್ನು ಫೋಟೋ ತೆಗೆಯುತ್ತಿದ್ದೇವೆ, ಮನೆಯವರಿಗೆ ಮಾತ್ರ. ಕೆಲವು ಕಾಗದದಲ್ಲಿ ಮರಾಠಿ ಅಕ್ಷರ ತೀರಾ ಸಣ್ಣದು, ಅಪ್ಪನ ಕಣ್ಣಿಗೆ ಆಗುತ್ತಿಲ್ಲ. ಕಾರವಾರದ ಆಸುಪಾಸಿನಲ್ಲಿ ಓದುವವರು ಯಾರಾದರೂ ಇದ್ದೀರಾ?

ನಿವೃತ್ತ_ಟಪಾಲು
ನಾನು ಓದುತ್ತೇನೆ. ಜನ್ಮ ಪೂರ್ತಿ ಕೆಟ್ಟ ಅಕ್ಷರ ಓದಿಯೇ ಪೆನ್ಶನ್ ತೆಗೆದುಕೊಳ್ಳುತ್ತಿದ್ದೇನೆ. ವಾಟ್ಸಾಪಿಗೆ ಬೇಡ, ಕಾಗದ ತಂದು ತೋರಿಸಿ. ಮೆಸೇಜ್ ಮಾಡಿದ್ದೇನೆ ನೋಡಿ. ಇನ್ನು ಅವರು ಯಾವ ಯೂನಿಟ್ ಜೊತೆ ಎಲ್ಲೆಲ್ಲಿ ಇದ್ದರು ಅಂತ ಬೇಕಾದರೆ ಸೇನಾ ನಂಬರ್ ಬರೆದು ಎಎಸ್‌ಸಿ ರೆಕಾರ್ಡ್ ಆಫೀಸಿಗೆ ದೊಡ್ಡಮ್ಮನ ಹೆಸರಲ್ಲೇ ಅರ್ಜಿ ಹಾಕಿ. ಪೆನ್ಶನ್ ಬುಕ್ಕಿನ ಪ್ರತಿ ಜೊತೆಗಿರಲಿ, ಇಲ್ಲದಿದ್ದರೆ ಸುಮ್ನೆ ವಾಪಸ್ ಬರುತ್ತದೆ.

ಬೇಲೆಕೇರಿ_ಬಂಗುಡೆ
ಹಾಗೇ ತೆಂಗಿನಕಾಯಿ ಆ ಸಲ ಎಣಿಸಿ ಕೊಟ್ಟರಾ ಅಂತಲೂ ನೋಡಿ ಹೇಳಿ ಸರ್, ಮುಂದಿನ ಕಾಗದದಲ್ಲಿ ಇರಬೇಕು.